ಟೆಕ್ಸಾಸ್‌ನಲ್ಲಿ ಬೇಟೆ ಜಮೀನು: 80 ಎಕರೆ ಕೊಳ್ಳೋದಾ, ವರ್ಷವರ್ಷ ಲೀಸ್ ಹಿಡಿಯೋದಾ?

ಒಣಹೊಳೆ

ಎಲ್ಲರಿಗೂ ನಮಸ್ಕಾರ. ನಾಲ್ಕು ಜನರ ಗುಂಪಿನ ಪರವಾಗಿ ಕೇಳುತ್ತಿದ್ದೇನೆ. ಮಧ್ಯ ಟೆಕ್ಸಾಸ್‌ನಲ್ಲಿ ದೊಡ್ಡ ರ‍್ಯಾಂಚ್ ಒಂದನ್ನು ತುಂಡು ಮಾಡಿ ಮಾರುತ್ತಿದ್ದಾರೆ. ಅದರಲ್ಲಿ 80 ಎಕರೆಯ ತುಂಡಿಗೆ ಎಕರೆಗೆ 5,000 ಡಾಲರ್ ಹೇಳಿದ್ದಾರೆ. ಸೀಡರ್ ಪೊದೆ ಜಾಸ್ತಿ, ನಡುನಡುವೆ ಓಕ್, ಜೋರು ಮಳೆ ಬಂದಾಗಷ್ಟೇ ಹರಿಯುವ ಒಂದು ತೊರೆ. ಈಗ ದನ ಮೇಯುತ್ತಿವೆ, ಹಾಗಾಗಿ ಕೃಷಿ ತೆರಿಗೆ ದರ ಇದೆ. ಅದೇ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) 400 ಎಕರೆ ಬೇಟೆ ಲೀಸ್‌ಗೂ ಸಿಗುತ್ತಿದೆ, ಎಕರೆಗೆ ವರ್ಷಕ್ಕೆ 15 ಡಾಲರ್. ಬೇಕಿರುವುದು ಬಿಳಿಬಾಲದ ಜಿಂಕೆ, ಜೊತೆಗೆ ಕಾಡುಹಂದಿ.

ನಾಲ್ವರಲ್ಲಿ ಇಬ್ಬರು ಎಚ್-1ಬಿ ವೀಸಾದಲ್ಲಿದ್ದಾರೆ, ಅದು ಅಡ್ಡ ಬರುತ್ತದಾ? ಕೊಂಡರೆ ಏನೇನು ನೋಡಬೇಕು, ಲೀಸ್ ಆದರೆ ಕರಾರಿನಲ್ಲಿ ಏನಿರಬೇಕು, ಗೊತ್ತಿರುವವರು ಬಿಡಿಸಿ ಹೇಳಿ.

ಹುಲ್ಲುಗಾವಲು

ಮೊದಲು ದುಡ್ಡಿನ ಲೆಕ್ಕ ಮುಗಿಸಿಬಿಡೋಣ, ಆಮೇಲೆ ಜಿಂಕೆಯ ವಿಷಯ.

80 ಎಕರೆ, 5,000ದಂತೆ 4 ಲಕ್ಷ ಡಾಲರ್. ಮನೆಸಾಲದ ಹಾಗೆ 5 ಪರ್ಸೆಂಟ್ ಕಟ್ಟಿ ಖಾಲಿ ಜಮೀನು ತಗೊಳ್ಳೋಕೆ ಆಗಲ್ಲ. 25 ಪರ್ಸೆಂಟ್ ಕೈಯಿಂದ ಹಾಕಬೇಕು ಅಂತಿಟ್ಟುಕೊಳ್ಳಿ: 1 ಲಕ್ಷ. ಉಳಿದ 3 ಲಕ್ಷಕ್ಕೆ 8 ಪರ್ಸೆಂಟ್ ಬಡ್ಡಿ, 20 ವರ್ಷ ಅವಧಿ ಅಂದರೆ ತಿಂಗಳ ಕಂತು 2,509, ವರ್ಷಕ್ಕೆ 30,100 ಡಾಲರ್. ಇದರಲ್ಲಿ ಮೊದಲ ವರ್ಷ ಅಸಲಿಗೆ ಹೋಗೋದು ಬರೀ 6,300. ಮಿಕ್ಕ 23,800 ಬಡ್ಡಿ. ಕೈಯಿಂದ ಹಾಕಿದ 1 ಲಕ್ಷ ಬೇರೆಲ್ಲಾದರೂ ಇದ್ದಿದ್ದರೆ 4 ಪರ್ಸೆಂಟ್‌ನಂತೆ 4,000 ಬರುತ್ತಿತ್ತು. ತೆರಿಗೆ, ವಿಮೆ, ಬೇಲಿ, ದಾರಿ ರಿಪೇರಿಗೆ ಕಮ್ಮಿ ಅಂದರೂ 2,000 ಇಡಿ. ಒಟ್ಟು ಹತ್ತಿರ ಹತ್ತಿರ 30,000.

ಲೀಸ್ 400 ಎಕರೆಗೆ 6,000. ತಲೆಗೆ 1,500. ವ್ಯತ್ಯಾಸ 24,000, ಅಂದರೆ ಜಮೀನಿನ ಬೆಲೆಯ 6 ಪರ್ಸೆಂಟ್. ಮೊದಲ ವರ್ಷಗಳಲ್ಲಿ ಭೂಮಿ ವರ್ಷಕ್ಕೆ 6 ಪರ್ಸೆಂಟ್ ಏರಿದರೆ ಮಾತ್ರ ಎರಡೂ ಸಮ. ಮಾರುವಾಗ ಬ್ರೋಕರ್ ಕಮಿಷನ್ ಬೇರೆ. ಬಡ್ಡಿದರ ಬೇರೆ ಆದರೆ ಅಂಕಿ ಬದಲಾಯಿಸಿ ನೀವೇ ಹಾಕಿ ನೋಡಿ, ಆದರೆ ಕ್ರಮ ಇದೇ. "ಲೀಸ್ ದುಡ್ಡು ನೀರಿಗೆ ಹೋಗುತ್ತೆ" ಅನ್ನೋರು ಬಡ್ಡಿ ಎಲ್ಲಿಗೆ ಹೋಗುತ್ತೆ ಅಂತ ಯೋಚನೆ ಮಾಡಿರಲ್ಲ.

ಇನ್ನು ಬೇಟೆ. ಬಲಿತ ಗಂಡು ಜಿಂಕೆ ಓಡಾಡುವ ವ್ಯಾಪ್ತಿ ಸಾಮಾನ್ಯವಾಗಿ ಒಂದು ಚದರ ಮೈಲಿಯ ಆಸುಪಾಸು, ಅಂದರೆ 640 ಎಕರೆ. ನಿಮ್ಮ 80 ಎಕರೆ ಅದರ ಎಂಟನೇ ಒಂದು ಭಾಗ. ಒಂದೂವರೆ ವರ್ಷದ ಗಂಡನ್ನು ನೀವು ಬಿಟ್ಟರೂ ಬೇಲಿ ಆಚೆಯವನು ಬಿಡಬೇಕಲ್ಲ. ಅದೇ ರ‍್ಯಾಂಚಿನ ಉಳಿದ ತುಂಡುಗಳನ್ನೂ ನಿಮ್ಮಂಥವರೇ ಕೊಳ್ತಾರೆ, ಪ್ರತಿ ತುಂಡಿನಲ್ಲೂ ನಾಲ್ಕು ಕೋವಿ ಅಂದರೆ ಮೂರನೇ ವರ್ಷಕ್ಕೆ ಒಳ್ಳೆ ಕೊಂಬಿನ ಜಿಂಕೆ ಕಾಣೋದು ಅಪರೂಪ. ಕೊಳ್ಳುವ ಮುಂಚೆ ಅಕ್ಕಪಕ್ಕದವರು ಯಾರು, ಎಷ್ಟು ಜನ ಬೇಟೆಗೆ ಬರ್ತಾರೆ, ಅವರು ಸೇರಿ ವನ್ಯಜೀವಿ ನಿರ್ವಹಣಾ ಸಂಘ ಮಾಡಿಕೊಂಡಿದ್ದಾರಾ ಕೇಳಿ. ಟೆಕ್ಸಾಸ್‌ನಲ್ಲಿ ಇಂಥ ಸಂಘಗಳು ಹಲವು ಕೌಂಟಿಗಳಲ್ಲಿವೆ. ಸಣ್ಣ ಹಿಡುವಳಿದಾರನಿಗೆ ಮೇವು, ನೀರು ಎಲ್ಲಕ್ಕಿಂತ ಇದೇ ಮುಖ್ಯ.

80 ಎಕರೆಯ ಆಕಾರವನ್ನೂ ಗಮನಿಸಿ. ಅರ್ಧ ಮೈಲಿ ಉದ್ದ, ಕಾಲು ಮೈಲಿ ಅಗಲ ಇದ್ದರೆ 880 ಗಜಕ್ಕೆ 440 ಗಜ. ನಟ್ಟನಡುವೆ ಕೂತರೆ ಎರಡು ಪಕ್ಕಕ್ಕೂ ಗಡಿ 220 ಗಜ. ಪಕ್ಕದವರ ಲಿಖಿತ ಒಪ್ಪಿಗೆ ಇಲ್ಲದೆ ಗೊತ್ತಿದ್ದೂ ಗಡಿ ದಾಟುವಂತೆ ಗುಂಡು ಹಾರಿಸುವುದು ಟೆಕ್ಸಾಸ್‌ನಲ್ಲಿ ಅಪರಾಧ. ರೈಫಲ್ ಗುಂಡು ಜಿಂಕೆಯನ್ನು ತೂರಿ ಮುಂದೆ ಹೋಗುತ್ತೆ, ಆದ್ದರಿಂದ ಹಿಂದೆ ಮಣ್ಣಿನ ದಿಬ್ಬ ಬೀಳುವ ಹಾಗೆ ಎತ್ತರದ ಅಟ್ಟಣೆಯಿಂದ ಇಳಿಮುಖವಾಗಿಯೇ ಹೊಡೆಯಬೇಕು. ನಿಮ್ಮ ಮೈವಾಸನೆಯದೂ ಇದೇ ಕಥೆ, ಅದು ಮೂಗಿಗೆ ಬಡಿದರೆ ಜಿಂಕೆ ಹತ್ತಿರ ಬರಲ್ಲ: ನಡುವೆ ಕೂತರೆ ಗಾಳಿ ಯಾವ ಕಡೆ ಬೀಸಿದರೂ ಅರ್ಧ ಜಮೀನು ಕೆಟ್ಟಂತೆ. ಅಲ್ಲಿ ಮಾಮೂಲಿ ದಕ್ಷಿಣದ ಗಾಳಿ, ನವೆಂಬರ್‌ನಲ್ಲಿ ಚಳಿಯ ಅಲೆ ಬಂದಾಗ ಉತ್ತರದ ಗಾಳಿ. ಉತ್ತರದಂಚಿಗೆ ಒಂದು ಅಟ್ಟಣೆ, ದಕ್ಷಿಣದಂಚಿಗೆ ಒಂದು. ದಕ್ಷಿಣದ ಗಾಳಿಗೆ ಉತ್ತರದ್ದು, ಉತ್ತರದ ಗಾಳಿಗೆ ದಕ್ಷಿಣದ್ದು; ವಾಸನೆ ಜಮೀನಿನ ಆಚೆಗೆ ಹೋಗಲಿ. ಇಷ್ಟು ಜಾಗದಲ್ಲಿ ಒಂದೇ ಹೊತ್ತಿಗೆ ಇಬ್ಬರಿಗಿಂತ ಹೆಚ್ಚು ಕೂರಬಾರದು. ನಾಲ್ವರಿಗೆ ಇದು ಸಾಲದು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಗಡಿಕಲ್ಲು

ಹುಲ್ಲುಗಾವಲು ಅವರ ಲೆಕ್ಕ ಸರಿ. ಆದರೆ ಜಮೀನನ್ನೇ ಕೊಳ್ಳಬೇಕು ಅಂತಿದ್ದರೆ ಕೆಲವು ವಿಷಯ ಕಾಗದದ ಮೇಲೆಯೇ ತೀರ್ಮಾನವಾಗಬೇಕು.

ದಾರಿ. ಗೇಟಿನ ಬೀಗದ ಕೋಡ್ ಕೊಟ್ಟರು, ಕಾರು ಒಳಗೆ ಹೋಯಿತು ಅಂದಮಾತ್ರಕ್ಕೆ ದಾರಿ ಹಕ್ಕು ಬಂದಂತಲ್ಲ. ರ‍್ಯಾಂಚ್ ತುಂಡು ಮಾಡಿದಾಗ ಒಳಗಿನ ತುಂಡುಗಳಿಗೆ ಕೌಂಟಿ ರಸ್ತೆ ತಾಗುವುದಿಲ್ಲ. ಮುಂದಿನವರ ಜಮೀನಿನ ಮೂಲಕ ಶಾಶ್ವತ ದಾರಿ ಹಕ್ಕು ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ನೋಂದಣಿಯಾಗಿರಬೇಕು, ಅದರಲ್ಲಿ ದಾರಿಯ ಅಗಲ ಬರೆದಿರಬೇಕು, ದಾರಿ ಕೆಟ್ಟರೆ ಖರ್ಚು ಯಾರದು ಅಂತಲೂ ಇರಬೇಕು. ಅಗಲ ಬರೆಯದಿದ್ದರೆ ನಾಳೆ ಟ್ರೇಲರ್, ಬೋರ್‌ವೆಲ್ ಲಾರಿ ತರುವಾಗ ಜಗಳ ಗ್ಯಾರಂಟಿ.

ಟೈಟಲ್ ಕಮಿಟ್‌ಮೆಂಟ್. ಟೈಟಲ್ ವಿಮೆ (ಜಮೀನಿನ ಮಾಲೀಕತ್ವಕ್ಕೆ ಮಾಡಿಸುವ ವಿಮೆ) ಕೊಡುವ ಕಂಪನಿ ಮಾರಾಟಕ್ಕೆ ಮುಂಚೆ ಕೊಡುವ ಪತ್ರ ಇದು. ನಮ್ಮ ಕಡೆಯ ಋಣಭಾರ ಪತ್ರಕ್ಕಿಂತ ವಿವರವಾಗಿರುತ್ತದೆ. ಅದರ ಶೆಡ್ಯೂಲ್ ಬಿ ಭಾಗವನ್ನು ಒಂದಕ್ಷರ ಬಿಡದೆ ಓದಿ. ಟೈಟಲ್ ವಿಮೆಗೆ ಒಳಪಡದ ಸಂಗತಿಗಳೆಲ್ಲ ಅಲ್ಲಿರುತ್ತವೆ. ಪೈಪ್‌ಲೈನ್, ವಿದ್ಯುತ್ ತಂತಿ, ಹಳೆಯ ತೈಲ ಗುತ್ತಿಗೆ ಎಲ್ಲ ಅಲ್ಲೇ ಸಿಗುತ್ತವೆ.

ಖನಿಜ ಹಕ್ಕು. ಇದನ್ನು ಒತ್ತಿ ಹೇಳಬೇಕು. ಟೆಕ್ಸಾಸ್‌ನಲ್ಲಿ ನೆಲದ ಮೇಲಿನ ಹಕ್ಕು ಬೇರೆ, ಕೆಳಗಿನ ಖನಿಜದ ಹಕ್ಕು ಬೇರೆ, ಮತ್ತು ಕಾನೂನಿನಲ್ಲಿ ಖನಿಜದವನದೇ ಮೇಲುಗೈ. ತೈಲ ತೆಗೆಯಲು ನ್ಯಾಯವಾಗಿ ಬೇಕಾದಷ್ಟು ನೆಲವನ್ನು ನಿಮ್ಮ ಒಪ್ಪಿಗೆ ಇಲ್ಲದೆಯೂ ಆತ ಬಳಸಬಹುದು. ನವೆಂಬರ್ ಮೊದಲ ವಾರ ನಿಮ್ಮ ಅಟ್ಟಣೆಯ ಮುಂದೆ ತೈಲ ಕೊರೆಯುವ ರಿಗ್ ಬಂದು ನಿಂತರೆ ತಡೆಯುವ ದಾರಿ ಕಡಿಮೆ. ಸಣ್ಣ ತುಂಡುಗಳ ಜೊತೆ ಖನಿಜ ಹಕ್ಕು ಬರುವುದು ವಿರಳ. ಆದ್ದರಿಂದ ಖನಿಜ ಹಕ್ಕು ಉಳಿಸಿಕೊಳ್ಳುವ ಮಾರಾಟಗಾರನಿಂದ ಮೇಲ್ಮೈ ಬಳಕೆ ಬಿಟ್ಟುಕೊಡುವ ಪತ್ರವನ್ನಾದರೂ ಕೇಳಿ. ಆದರೆ ಹಕ್ಕು ಮೂರು ತಲೆಮಾರಿನ ಹಿಂದೆಯೇ ಬೇರೆಯಾಗಿದ್ದರೆ ಈ ಮಾರಾಟಗಾರನ ಪತ್ರಕ್ಕೆ ಬೆಲೆಯಿಲ್ಲ. ಯಾರ ಕೈಯಲ್ಲಿದೆ ಅಂತ ಮೊದಲು ಪತ್ತೆ ಮಾಡಿಸಿ.

ಸರ್ವೆ. ಹೊಸದಾಗಿ ಮಾಡಿಸಿ, ಮೂಲೆಗಳಲ್ಲಿ ಕಬ್ಬಿಣದ ಗೂಟ ಕಣ್ಣಾರೆ ನೋಡಿ. ಹಳೆ ಬೇಲಿ ದನಕ್ಕಾಗಿ ಹಾಕಿದ್ದು, ಬಂಡೆ ಸಿಕ್ಕಲ್ಲಿ ಸುತ್ತಿಕೊಂಡು ಹೋಗಿರುತ್ತದೆ. ಅದು ಗಡಿ ಅಲ್ಲ. ಸರ್ವೆಯ ನಂತರ ಗಡಿಯ ಮರಗಳಿಗೆ ನೇರಳೆ ಬಣ್ಣ ಬಳಿಯಿರಿ. "ಅತಿಕ್ರಮ ಪ್ರವೇಶ ಇಲ್ಲ" ಬೋರ್ಡಿಗೆ ಅದು ಕಾನೂನಿನಲ್ಲಿ ಸಮ. ಗೆರೆ ಲಂಬವಾಗಿರಬೇಕು, ಕನಿಷ್ಠ 8 ಇಂಚು ಉದ್ದ, 1 ಇಂಚು ಅಗಲ, ನೆಲದಿಂದ 3ರಿಂದ 5 ಅಡಿ ಎತ್ತರದಲ್ಲಿ. ಕಾಡಿನ ಜಾಗದಲ್ಲಿ 100 ಅಡಿಗೊಂದು, ಬಯಲಿನಲ್ಲಿ 1,000 ಅಡಿಗೊಂದು. ಬೋರ್ಡನ್ನು ಕಿತ್ತು ಎಸೆಯಬಹುದು, ಬಣ್ಣವನ್ನು ಆಗುವುದಿಲ್ಲ.

ಇನ್ನು ತೆರಿಗೆ. ಕೃಷಿ ದರ ಇದ್ದರೆ ವರ್ಷಕ್ಕೆ ಕೆಲವು ನೂರು ಡಾಲರ್. ತಪ್ಪಿದರೆ ಮಾರುಕಟ್ಟೆ ಬೆಲೆಯ ಮೇಲೆ, ಅಂದರೆ 4 ಲಕ್ಷಕ್ಕೆ ಒಂದೂವರೆ ಪರ್ಸೆಂಟ್ ಹಿಡಿದರೂ 6,000. ನೀವು ದನ ತೆಗೆಸಿ ಬರೀ ಬೇಟೆಗೆ ಇಟ್ಟುಕೊಂಡರೆ ದರ ತಪ್ಪುತ್ತದೆ, ಬೇಟೆ ಕೃಷಿಯಲ್ಲ. ಬಳಕೆ ಬದಲಾಯಿತೆಂದು ತೀರ್ಮಾನಿಸಿದರೆ ಹಿಂದಿನ 3 ವರ್ಷದ ವ್ಯತ್ಯಾಸವನ್ನೂ ವಸೂಲಿ ಮಾಡುತ್ತಾರೆ. ಇದಕ್ಕೆ ಎರಡು ದಾರಿ. ಒಂದು, ಪಕ್ಕದ ರೈತನಿಗೆ ಮೇಯಿಸಲು ಲಿಖಿತ ಕರಾರಿನಲ್ಲಿ ಕೊಡುವುದು. ಇನ್ನೊಂದು, ವನ್ಯಜೀವಿ ನಿರ್ವಹಣೆಗೆ ಬದಲಾಯಿಸಿಕೊಳ್ಳುವುದು. 1995ರ ಸಂವಿಧಾನ ತಿದ್ದುಪಡಿಯಿಂದ ಬಂದ ಅವಕಾಶ ಇದು. ಹಿಂದಿನ ವರ್ಷ ಕೃಷಿ ದರ ಇದ್ದಿರಬೇಕು, ಮತ್ತು ಏಳು ಕೆಲಸಗಳಲ್ಲಿ ಕನಿಷ್ಠ ಮೂರನ್ನು ಪ್ರತಿ ವರ್ಷ ಮಾಡಬೇಕು: ಆವಾಸ ಸುಧಾರಣೆ, ಮಣ್ಣಿನ ಸವಕಳಿ ತಡೆ, ಪರಭಕ್ಷಕ ನಿಯಂತ್ರಣ, ಹೆಚ್ಚುವರಿ ನೀರು, ಹೆಚ್ಚುವರಿ ಆಹಾರ, ಪ್ರಾಣಿಗಳಿಗೆ ಆಸರೆ, ಪ್ರಾಣಿಗಳ ಗಣತಿ. ಅರ್ಜಿ ಮತ್ತು ಯೋಜನೆ ಏಪ್ರಿಲ್ 30ರೊಳಗೆ ಕೌಂಟಿಯಲ್ಲಿ ತೆರಿಗೆಗಾಗಿ ಆಸ್ತಿಗೆ ಬೆಲೆ ಕಟ್ಟುವ ಕಚೇರಿಯಾದ ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ. ಸೀಡರ್ ಕಡಿದದ್ದಕ್ಕೆ ಮುಂಚಿನ, ನಂತರದ ಫೋಟೋ, ಮೇವು ಕೊಂಡ ರಸೀದಿ, ಗಣತಿ ಮಾಡಿದ ರಾತ್ರಿಯ ತಾರೀಖು ಎಲ್ಲ ಒಂದು ಫೈಲಿನಲ್ಲಿರಲಿ.

ನಿಮ್ಮ ವಿಷಯದಲ್ಲಿ ಒಂದು ಬಲೆ ಇದೆ. ದೊಡ್ಡ ಜಮೀನಿನಿಂದ ಹೊಸದಾಗಿ ಬೇರೆಯಾದ ತುಂಡಿಗೆ ವನ್ಯಜೀವಿ ದರ ಕೇಳಿದರೆ ಕನಿಷ್ಠ ಎಷ್ಟು ಎಕರೆ ಇರಬೇಕು ಎಂಬ ಅನುಪಾತದ ಲೆಕ್ಕ ಅನ್ವಯವಾಗುತ್ತದೆ, ಅದು ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ಸಹಿ ಹಾಕುವ ಮುಂಚೆಯೇ ಅಪ್ರೈಸಲ್ ಕಚೇರಿಗೆ ಹೋಗಿ ಆ ಕೌಂಟಿಯ ಲೆಕ್ಕ ಕೇಳಿ. ಮಾರುವವನ ಏಜೆಂಟ್ ಹೇಳಿದ್ದನ್ನು ನಂಬಿ ಕೂರಬೇಡಿ.

ಮರಸು

ಲೀಸ್ ಕಡೆಯದು ನಾನು ಹೇಳ್ತೀನಿ ಸರ್. ಜನ ಎಕರೆ ರೇಟು ಮಾತ್ರ ನೋಡ್ತಾರೆ, ಕರಾರು ಓದಲ್ಲ.

ಅವಧಿ ತಾರೀಖಿನ ಸಮೇತ ಇರಲಿ. "ಜಿಂಕೆ ಸೀಸನ್" ಅಂತ ಬರೆದರೆ ಹಂದಿ ಬೇಟೆಗೆ ಬೇಸಿಗೆಯಲ್ಲಿ ಹೋಗೋಕಾಗಲ್ಲ. ಹಂದಿ, ಟರ್ಕಿ ಕೋಳಿ, ಪಾರಿವಾಳ ಯಾವ್ಯಾವುದು ಸೇರಿದೆ ಹೆಸರು ಹಾಕಿ. ಎಷ್ಟು ಜನ, ಹೆಸರೇನು, ಅತಿಥಿ ತರಬಹುದಾ, ತಂದರೆ ಅತಿಥಿ ಹೊಡೆಯಬಹುದಾ. ಅದೇ ಜಾಗವನ್ನು ಮಾಲೀಕ ಇನ್ನೊಂದು ಗುಂಪಿಗೂ ಕೊಡಬಹುದಾ, ಮಾಲೀಕನ ಮನೆಯವರು ಬೇಟೆ ಆಡ್ತಾರಾ, ಯಾವ ವಾರ? ಇದನ್ನ ಬಾಯಿಮಾತಿಗೆ ಬಿಡಬೇಡಿ. ದನ ಮೇಯಿಸುವವನ ಕರಾರು ಬೇರೆ ಇರುತ್ತೆ, ಅವನು ಯಾವ ಗೇಟು ತೆರೆದಿಡ್ತಾನೆ, ಯಾವುದು ಮುಚ್ಚಬೇಕು ಕೇಳಿಕೊಳ್ಳಿ. ಲೀಸ್ ಕಳಕೊಳ್ಳೋಕೆ ಒಂದು ಗೇಟು ಮುಚ್ಚದೇ ಬಂದರೆ ಸಾಕು.

ಮುಖ್ಯವಾದ ಕಲಮು: ನಡುವೆ ಜಮೀನು ಮಾರಾಟ ಆದರೆ ಏನು? ಉಳಿದ ತಿಂಗಳ ದುಡ್ಡು ವಾಪಸ್, ಮತ್ತೆ ನಿಮ್ಮ ಅಟ್ಟಣೆ, ಫೀಡರ್ (ಕಾಳು ಎರಚುವ ಡ್ರಮ್) ತೆಗೆಯೋಕೆ 30 ದಿನ ಅಂತ ಬರೆಸಿ. ಇಲ್ಲಾಂದ್ರೆ ಹೊಸ ಮಾಲೀಕ ಗೇಟಿಗೆ ಬೀಗ ಹಾಕಿದ ದಿನ ಸಾಮಾನು ಒಳಗೆ, ನೀವು ಹೊರಗೆ. ಮುಂದಿನ ವರ್ಷಕ್ಕೆ ಮೊದಲ ಆದ್ಯತೆ ನಿಮಗೇ ಅನ್ನೋ ಸಾಲೂ ಕೇಳಿ ನೋಡಿ, ತುಂಬ ಮಾಲೀಕರು ಒಪ್ತಾರೆ.

ವಿಮೆ: ಒಂದು ಘಟನೆಗೆ 10 ಲಕ್ಷ ಡಾಲರ್ ಹೊಣೆಗಾರಿಕೆ ವಿಮೆ ಗುಂಪಿನ ಹೆಸರಲ್ಲಿ ತಗೊಂಡು, ಅದರ ರಕ್ಷಣೆ ಮಾಲೀಕನಿಗೂ ಸಿಗುವ ಹಾಗೆ ಅವನ ಹೆಸರನ್ನೂ ಸೇರಿಸಿ. ಟೆಕ್ಸಾಸ್ ಕಾನೂನಿನಲ್ಲಿ ಮಾಲೀಕ ಮನರಂಜನೆಗೆ ಜಾಗ ಕೊಟ್ಟು ಪಡೆಯೋ ದುಡ್ಡು ಅವನ ಆಸ್ತಿ ತೆರಿಗೆಯ 20 ಪಟ್ಟು ಮೀರದಿದ್ದರೆ ಕೃಷಿ ಭೂಮಿಯಲ್ಲಿ ಅವನ ಹೊಣೆ ಕಮ್ಮಿ ಆಗುತ್ತೆ. ಆದರೂ ವಿಮೆ ಇದ್ದ ಗುಂಪಿಗೆ ಮಾಲೀಕರು ಬೇಗ ಹೂಂ ಅಂತಾರೆ.

ಲೀಸ್ ನೆಲಕ್ಕೆ ಎಷ್ಟು ಸುರೀಬೇಕು ಅನ್ನೋದಕ್ಕೆ ಒಂದೇ ಅಳತೆ: ಅದೇ ವರ್ಷ ಫಲ ಕೊಡಬೇಕು, ಇಲ್ಲಾ ಟ್ರೇಲರ್‌ಗೆ ಹೇರಿಕೊಂಡು ಬರೋ ಹಾಗಿರಬೇಕು. ಸೆಪ್ಟೆಂಬರ್ ಕೊನೆಗೆ ಓಟ್ಸ್ ಎರಚೋದು ಸರಿ, ಎಕರೆಗೆ 80ರಿಂದ 100 ಪೌಂಡ್. ಹುಳಿ ಮಣ್ಣಿಗೆ ಎಕರೆಗೆ ಒಂದೆರಡು ಟನ್ ಸುಣ್ಣ ಹಾಕೋದು ಬೇಡ, ಅದು ಪೂರ್ತಿ ಕೆಲಸ ಮಾಡೋಕೆ ಆರು ತಿಂಗಳಾದರೂ ಬೇಕು, ಅಷ್ಟೊತ್ತಿಗೆ ಲೀಸ್ ಬೇರೆಯವರ ಪಾಲಾಗಿರಬಹುದು. ಓಕ್ ನೆಡೋದು, ಕೆರೆ ತೋಡೋದು ಎಲ್ಲ ಸ್ವಂತ ನೆಲದ ಕೆಲಸ.

ಫೀಡರ್ ಬಗ್ಗೆ. 55 ಗ್ಯಾಲನ್ ಡ್ರಮ್ಮಿಗೆ ಸುಮಾರು 350 ಪೌಂಡ್ ಮೆಕ್ಕೆಜೋಳ ಹಿಡಿಯುತ್ತೆ. ಬೆಳಿಗ್ಗೆ, ಸಂಜೆ ಐದೈದು ಪೌಂಡ್ ಎರಚಿದರೆ 35 ದಿನ. ಆದರೆ ಹಂದಿ ಇರೋ ಕಡೆ ಬೇಲಿ ಇಲ್ಲದಿದ್ದರೆ ಎರಚಿದ್ದೆಲ್ಲ ಹಂದಿಗೇ. 34 ಇಂಚು ಎತ್ತರ, 16 ಅಡಿ ಉದ್ದದ ಹಾಗ್ ಪ್ಯಾನೆಲ್ (ಹಂದಿ ತಡೆಯೋ ತಂತಿ ಜಾಲರಿ ಚೌಕಟ್ಟು) ತಗೊಳ್ಳಿ. ಹನ್ನೆರಡು ಪ್ಯಾನೆಲ್ ಸುತ್ತ ಹಾಕಿದರೆ 192 ಅಡಿ ಸುತ್ತಳತೆ, ಅಡ್ಡಳತೆ 60 ಅಡಿ. ಜಿಂಕೆ ಹಾರುತ್ತೆ, ಹಂದಿ ಹಾರಲ್ಲ. ದುಡ್ಡು ಉಳಿಸೋಕೆ ಆರೇ ಪ್ಯಾನೆಲ್ ಹಾಕೋರಿದ್ದಾರೆ: 30 ಅಡಿ ದೊಡ್ಡಿ ಆಗುತ್ತೆ, ಒಳಗೆ ಸಿಕ್ಕಿಹಾಕಿಕೊಂಡ ಹಾಗನ್ನಿಸಿ ಜಿಂಕೆ ಹೊರಗೇ ನಿಂತು ನೋಡಿ ಹೋಗುತ್ತೆ, ಕಾಳು ಕೂಡ ಬೇಲಿ ದಾಟಿ ಬೀಳುತ್ತೆ. ಪ್ರತಿ ಪ್ಯಾನೆಲ್‌ಗೆ ಎರಡು ಟಿ-ಪೋಸ್ಟ್ (ಬೇಲಿಯ ಕಬ್ಬಿಣದ ಕಂಬ) ಬೇಕು, ತಳ ನೆಲಕ್ಕೆ ತಾಗಿರಬೇಕು. ಅಂಗೈ ತೂರುವಷ್ಟು ಸಂದು ಬಿಟ್ಟರೂ ಹಂದಿ ಮೂತಿ ಹಾಕಿ ಎತ್ತುತ್ತೆ.

ಡ್ರಮ್ಮಿನ ಮುಚ್ಚಳಕ್ಕೆ ನೀರು ಇಳಿದರೆ ಕೆಳಗಿನ ಕಾಳು ಮುದ್ದೆಯಾಗಿ ತಿರುಗಣೆ ಸಿಕ್ಕಿಕೊಳ್ಳುತ್ತೆ, ಬೂಷ್ಟು ಬರುತ್ತೆ. ಆ ಬೂಷ್ಟಿನ ಅಫ್ಲಾಟಾಕ್ಸಿನ್ ಟರ್ಕಿ, ಕ್ವೇಲ್ ಹಕ್ಕಿಗಳಿಗೆ ವಿಷ. ಮುದ್ದೆ ಕಂಡರೆ ಡ್ರಮ್ ಪೂರ್ತಿ ಖಾಲಿ ಮಾಡಿ ಆ ಕಾಳನ್ನ ಹೂಳಿ, ಒಣಗಿಸಿ ಮತ್ತೆ ಹಾಕಬೇಡಿ.

ಒಣಹೊಳೆ

ತುಂಬ ಉಪಕಾರವಾಯಿತು. ಖನಿಜ ಹಕ್ಕಿನ ಮಾತು ಏಜೆಂಟ್ ಎತ್ತಿಯೇ ಇರಲಿಲ್ಲ. ವೀಸಾ ವಿಷಯ ಯಾರಿಗಾದರೂ ಗೊತ್ತಾ?

ಹುಲ್ಲುಗಾವಲು

ಇದನ್ನು ಹಗುರಾಗಿ ತಗೋಬೇಡಿ. ಎಚ್-1ಬಿ, ಎಲ್-1, ಎಫ್-1 ಥರದ ವಲಸೆಯೇತರ ವೀಸಾದಲ್ಲಿ ಬಂದವರು ಕೋವಿ, ಗುಂಡು ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ನಿಷಿದ್ಧ. ಒಂದು ವಿನಾಯಿತಿ ಇದೆ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿರಬೇಕು. ಟೆಕ್ಸಾಸ್‌ನ ವಾರ್ಷಿಕ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತೆ. ಸೀಸನ್ ನವೆಂಬರ್‌ಗೆ ತಾನೇ, ಅಕ್ಟೋಬರ್‌ನಲ್ಲಿ ಮಾಡಿಸೋಣ ಅಂತ ಬಿಟ್ಟರೆ ಸೆಪ್ಟೆಂಬರ್ 1ರಿಂದ ಮನೆ ಕಪಾಟಿನಲ್ಲಿರುವ ಕೋವಿಯೇ ಅಪರಾಧ. ಖಾಸಗಿ ಜಾಗದಲ್ಲಿ ಮಾಲೀಕನ ಒಪ್ಪಿಗೆ ಇದ್ದರೆ ಕಾಡುಹಂದಿಗೆ 2019ರಿಂದ ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಬೇಡ ನಿಜ, ಆದರೆ ಆ ಮಾತು ಈ ಇಬ್ಬರಿಗೆ ರಕ್ಷಣೆ ಕೊಡಲ್ಲ. ಅವರಿಗೆ ವರ್ಷಪೂರ್ತಿ ಲೈಸೆನ್ಸ್ ಇರಲೇಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧ ಇಲ್ಲ. ಇನ್ನೊಂದು, 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದ ಎಲ್ಲರಿಗೂ ಬೇಟೆಗಾರರ ತರಬೇತಿ ಕಡ್ಡಾಯ.

ಜಮೀನಿನ ಕಡೆ: ನಾಗರಿಕರೂ ಅಲ್ಲದ, ಗ್ರೀನ್ ಕಾರ್ಡೂ ಇಲ್ಲದವರು ಕೃಷಿ ಭೂಮಿ ಕೊಂಡರೆ 1978ರ ಆಫಿಡಾ (ವಿದೇಶಿಯರ ಕೈಲಿರುವ ಕೃಷಿ ಭೂಮಿಯ ವಿವರ ತಿಳಿಸುವ) ಕಾನೂನಿನಡಿ 90 ದಿನದೊಳಗೆ ಅಮೆರಿಕದ ಕೃಷಿ ಇಲಾಖೆಗೆ ವರದಿ ಕೊಡಬೇಕು. ಫಾರಂ ಹೆಸರು ಎಫ್‌ಎಸ್‌ಎ-153. ಮೇಯುವ ಹುಲ್ಲುಗಾವಲೂ ಕೃಷಿ ಭೂಮಿಯೇ. ದಂಡ ಭೂಮಿಯ ಬೆಲೆಯ 25 ಪರ್ಸೆಂಟ್ ತನಕ ಹಾಕಬಹುದು, ನಿಮ್ಮ 4 ಲಕ್ಷಕ್ಕೆ 1 ಲಕ್ಷ ಆಯಿತು. ಒಂದು ವರ್ಷದ ಬೇಟೆ ಲೀಸ್‌ಗೆ ಈ ವರದಿ, ದಂಡ ಯಾವುದೂ ಇಲ್ಲ.

ಗಡಿಕಲ್ಲು

ಮೇಲಿನದಕ್ಕೆ ಸೇರಿಸುವುದು: ಕೃಷಿ ದರದ ಅರ್ಜಿಯಲ್ಲಿ ಮಾಲೀಕ ಅನಿವಾಸಿ ವಿದೇಶಿಯೇ ಎಂಬ ಪ್ರಶ್ನೆ ಇರುತ್ತದೆ, ಉತ್ತರದ ಮೇಲೆ ದರ ತಪ್ಪಬಹುದು. ಎಚ್-1ಬಿ ಇರುವ ಇಬ್ಬರ ಹೆಸರು ಕ್ರಯಪತ್ರದಲ್ಲಿ ಸೇರಿಸುವ ಮುಂಚೆ ಅಲ್ಲಿನ ಜಮೀನು ವಕೀಲರಿಗೆ ತೋರಿಸಿ. ನಾಲ್ವರ ಹೆಸರಿಗೆ ನೇರವಾಗಿ ಕೊಳ್ಳುವುದಾದರೆ, ಒಬ್ಬರು ಊರು ಬಿಟ್ಟರೆ ಅವರ ಪಾಲಿಗೆ ಬೆಲೆ ಕಟ್ಟುವುದು ಹೇಗೆ, ಯಾರಿಗೆ ಮೊದಲು ಮಾರಬೇಕು ಎಂಬುದನ್ನು ಅಂದೇ ಬರೆದಿಡಿ. ಹಾಗೆ ಬರೆಯದಿದ್ದರೆ ಒಬ್ಬರು ಕೋರ್ಟಿಗೆ ಹೋಗಿ ಇಡೀ ಜಮೀನಿನ ವಿಭಾಗ ಅಥವಾ ಮಾರಾಟ ಕೇಳಬಹುದು.

ಒಣಹೊಳೆ

ಹಾಗಾದರೆ ಸದ್ಯಕ್ಕೆ 400 ಎಕರೆ ಲೀಸ್ ಕಡೆ ವಾಲುತ್ತಿದ್ದೇವೆ. ನೋಡಲು ಯಾವಾಗ ಹೋಗುವುದು ಒಳ್ಳೆಯದು?

ಮರಸು

ಫೆಬ್ರವರಿಯಲ್ಲಿ ಹೋಗಿ. ಸೀಸನ್ ಮುಗಿದಿರುತ್ತೆ, ಓಡಾಡಿದರೆ ಯಾರ ಬೇಟೆಯೂ ಕೆಡಲ್ಲ. ಎಲೆ ಉದುರಿ ಹುಲ್ಲು ಒಣಗಿರೋದರಿಂದ ಜಿಂಕೆ ಜಾಡು ಸಣ್ಣ ಕಾಲುದಾರಿ ಥರ ಎದ್ದು ಕಾಣುತ್ತೆ. ಗಂಡು ಕೊಂಬು ಉಜ್ಜಿದ ಮರಗಳನ್ನ ನೋಡಿ. ಹೆಬ್ಬೆರಳು ಗಾತ್ರದ ಗಿಡಗಳಲ್ಲಿ ಮಾತ್ರ ಗುರುತಿದ್ದರೆ ಎಳೆಯವು ಅನ್ನಿ, ಮುಂಗೈ ದಪ್ಪದ ಸೀಡರ್ ತೊಗಟೆ ಸುಲಿದಿದ್ದರೆ ಬಲಿತ ಗಂಡು ಇರೋ ಸಾಧ್ಯತೆ ಜಾಸ್ತಿ. ತೊರೆಗೆ ಅಡ್ಡಲಾಗಿ ಬೇಲಿ ಹಾದುಹೋಗುವ ಜಾಗ ಹುಡುಕಿ, ತಂತಿಗೆ ಒರಟು ಕರಿ ಕೂದಲು ಸಿಕ್ಕಿ ಮಣ್ಣು ಮೆತ್ತಿದ್ದರೆ ಹಂದಿ ದಾರಿ ಅದು. ಗೇಟಿನಿಂದ ಎಲ್ಲ ಮೂಲೆಗೂ ಮಳೆ ಬಂದ ಮಾರನೇ ದಿನ ಗಾಡಿ ಹೋಗುತ್ತಾ ಅಂತ ಮಾಲೀಕನನ್ನ ಕೇಳಿ. ಹೋಗದಿದ್ದರೆ 400 ಎಕರೆಗೆ ದುಡ್ಡು ಕೊಟ್ಟು 150 ಎಕರೆಯಲ್ಲಿ ಬೇಟೆ ಆಡಿದ ಹಾಗಾಗುತ್ತೆ, ರೇಟು ಅದಕ್ಕೆ ತಕ್ಕ ಹಾಗೆ ಮಾತಾಡಿ.